ಜಪಾನಿನ ಸೊಸೆ

ನಮ್ಮ ಸೋದರತ್ತೆಗೆ ಜಪಾನಿನಲ್ಲಿ ಒಬ್ಬ ಸೊಸೆಯಿದ್ದಾಳೆ. ಮಗನಿಲ್ಲ, ಮಕ್ಕಳೇ ಇಲ್ಲ, ಆದರೂ ಸೊಸೆ ಇದ್ದಾಳೆ! ಆ ಸೊಸೆ ಊಟ ಕೇಳುವುದಿಲ್ಲ, ತವರಿಗೆ ಹೋಗುವುದಿಲ್ಲ, ಎದುರು ಮಾತಾಡುವುದಿಲ್ಲ. ಬ್ಯಾಟರಿಯ ಮೇಲೆ ಓಡಾಡುತ್ತಾಳೆ. ಅವಳ ಕತೆ ಹೇಳಲು ಹೊರಟಾಗಲೆಲ್ಲ ನಡುವೆ ಬೀರೂರು ಸ್ಟೇಷನ್ ಬಂದುಬಿಡುತ್ತದೆ, ನಗು ಅಲ್ಲಿಗೇ ನಿಂತುಹೋಗುತ್ತದೆ. ಅದಕ್ಕೇ ಮೊದಲು ನಗುವ ಭಾಗವನ್ನು ಹೇಳಿ ಮುಗಿಸುತ್ತೇನೆ.

ಅತ್ತೆ ಇರುವುದು ಸಿಂಗಟಗೆರೆಯಲ್ಲಿ, ನನ್ನ ತಮ್ಮನ ಮನೆಯಲ್ಲಿ. ಪ್ರತಿ ಭಾನುವಾರ ಬೆಳಗ್ಗೆ ಚೀಲದಲ್ಲಿ ಆರು ತೆಂಗಿನಕಾಯಿ ತುಂಬಿಕೊಂಡು ಬಸ್ಸು ಹತ್ತಿ ಬೀರೂರಿನ ನಮ್ಮ ಮನೆಗೆ ಬರುತ್ತಾಳೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ನನಗೊಂದು ಚಟವಿದೆ, ಜಪಾನಿನ ಕಾರ್ಟೂನ್ ನೋಡುವುದು. ಈ ವಯಸ್ಸಿನಲ್ಲಿ ಇದೇನು ಎಂದು ಕೇಳಬೇಡಿ, ನನ್ನ ಗಂಡ ಆಗಲೇ ಕೇಳಿಯಾಗಿದೆ.

ಹೋದ ವರ್ಷ ನೋಡುತ್ತಿದ್ದ ಧಾರಾವಾಹಿಯಲ್ಲಿ ಹದಿನೈದರ ಹುಡುಗನೊಬ್ಬನಿಗೆ ಅಂಗಡಿಯ ಲಾಟರಿಯಲ್ಲಿ ಒಂದು ಯಂತ್ರದ ಹುಡುಗಿ ಸಿಗುತ್ತಾಳೆ. ನೋಡಲು ಥೇಟ್ ಮನುಷ್ಯಳೇ. ತೊಂದರೆ ಒಂದೇ, ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾಳೆ. ಒಮ್ಮೆ ಹುಡುಗ ರೇಗಿ "ನಾನು ಹೇಳುವವರೆಗೂ ಅಲ್ಲಾಡಬೇಡ" ಎಂದುಬಿಟ್ಟು, ಹೇಳಲು ಮರೆತು ಶಾಲೆಯ ಪ್ರವಾಸಕ್ಕೆ ಹೋಗುತ್ತಾನೆ. ಎರಡು ದಿನ ಬಿಟ್ಟು ಬಂದರೆ ಇವಳು ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಮೀನು ಹಿಡಿದು ಬಾಗಿಲಲ್ಲೇ ನಿಂತಿದ್ದಾಳೆ! ಅತ್ತೆ ಚಪ್ಪಾಳೆ ತಟ್ಟಿದಳು.

"ಹೇಳಿದ್ ಕೇಳೋದು ಅಂದ್ರೆ ಹಿಂಗಿರ್ಬೇಕು ನೋಡು! ಇವ್ಳು ನನ್ ಸೊಸೆ ಕಣೇ."

"ಹಾಗಾದ್ರೆ ಆ ಹುಡುಗ ನಿನ್ನ ಮಗನಾ ಅತ್ತೆ?"

"ಅವನ್ಯಾವನೋ ಉಡಾಳ. ಸೊಸೆ ಮಾತ್ರ ನಮ್ಮೋಳು."

ಅಲ್ಲಿಂದ ಭಾನುವಾರಗಳು ಸೊಸೆಯ ಪಾಲಾದವು. ಜಪಾನೀ ಮಾತಿಗೆ ಕೆಳಗೆ ಇಂಗ್ಲಿಷ್ ಸಾಲು ಬರುತ್ತದೆ, ನಾನು ಓದಿ ಕನ್ನಡದಲ್ಲಿ ಹೇಳಬೇಕು. ನಡುವೆ ಕುಕ್ಕರ್ ಕೂಗಿ ನಾನು ಎದ್ದು ಹೋದರೆ ಅತ್ತೆ ಕಾಯುವವಳಲ್ಲ, ತಾನೇ ಕತೆ ಮುಂದುವರಿಸುತ್ತಿದ್ದಳು. ಒಮ್ಮೆ ಬಂದು ನೋಡುತ್ತೇನೆ, ಪರದೆಯ ಮೇಲೆ ಯಂತ್ರದ ಹುಡುಗಿ ಏಣಿ ಹತ್ತಿ ಸೂರಿಗೆ ಅಂಟಿದ ಅನ್ನ ಕೆರೆಯುತ್ತಿದ್ದಾಳೆ. ಅತ್ತೆ ಮೆಚ್ಚಿ ತಲೆದೂಗುತ್ತಿದ್ದಾಳೆ, "ಏನ್ ಚೆಂದ ರಂಗೋಲಿ ಬಿಡ್ತಾವ್ಳೆ ಕಣೇ! ಆ ಜಡೆ ನೋಡು, ಸೊಂಟದವರ್ಗೂ. ಎಡಗಡೆ ಹುಬ್ಬಿನ ಮೇಲೆ ಮಚ್ಚೆ ಬೇರೆ!"

ಜಡೆ ಎಲ್ಲಿಂದ ಬಂತು? ಆ ಹುಡುಗಿಗಿದ್ದದ್ದು ಕಿವಿಯ ಮೇಲಕ್ಕೇ ಮುಗಿಯುವ ನೀಲಿ ಕೂದಲು! ಅತ್ತೆಗೆ ಕತೆ ಕಟ್ಟುವ ಹುಚ್ಚು ಮೊದಲಿನಿಂದಲೂ ಇತ್ತು. ನಾನು ನಕ್ಕುಬಿಟ್ಟೆ.

ಬಸ್ಸಿನಲ್ಲಂತೂ ಇಡೀ ಸಿಂಗಟಗೆರೆಗೆ ಸೊಸೆಯ ಪರಿಚಯವಾಗಿತ್ತು. ಒಂದು ಸಲ ನಾನೂ ಜೊತೆಗಿದ್ದೆ. ಪಕ್ಕದ ಸೀಟಿನ ಹೆಂಗಸಿಗೆ ಅತ್ತೆ ಕಣ್ಣೊರೆಸಿಕೊಂಡು ಹೇಳುತ್ತಿದ್ದಳು.

"ಚಾರ್ಜಿಗೇ ಹಾಕ್ದೆ ಮಲಗ್ಸಿದ್ನಂತೆ ಕಣ್ರೀ ಅವಳ್ನ!"

"ಅಯ್ಯೋ ಶಿವನೇ! ಹಿರೀಕರು ಯಾರೂ ಇಲ್ವಾ ಆ ಮನೇಲಿ? ಯಾವೂರು ಅದು?"

"ಜಪಾನು."

"ದೇವನೂರಿಂದ ಆಚೆಗಾ?"

"ಇನ್ನೂ ಮುಂದೆ."

"ಅದಕ್ಕೇ ಕಣ್ರೀ, ದೂರ ಕೊಡಬಾರ್ದು ಅನ್ನೋದು," ಎಂದು ಆಕೆ ನಿಟ್ಟುಸಿರಿಟ್ಟಳು.

ಇಷ್ಟು ಲವಲವಿಕೆಯ ಹೆಂಗಸಿಗೆ ಒಂದೇ ಒಂದು ಭಯವಿತ್ತು. ಅವಳು ಸಾರಿಗೆ ಉಪ್ಪಿನ ಬದಲು ಸಕ್ಕರೆ ಹಾಕಿದ ದಿನ ನನ್ನ ತಮ್ಮ ಹೇಳಿಬಿಟ್ಟಿದ್ದ, "ಕಣ್ ಕಾಣ್ದಿದ್ರೆ ಬಸ್ಸು ಬಂದ್ ಅತ್ತೆ. ಇನ್ ಮನೇಲೇ ಇರು." ಮಾತನ್ನು ನಡೆಸುವವನೇ ಅವನು. ಭಾನುವಾರವೇ ಹೋದರೆ ಉಳಿಯುವುದೇನು? ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು: "ಯಾರ್ ಕಣ್ಣು ಕಾಣ್ದೇ ಇರೋದು? ಪರೀಕ್ಷೆ ಮಾಡ್ಸಿ!"

ಊರಿನ ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆದಾಗ ಪರೀಕ್ಷೆಯೂ ಆಯಿತು. ಗೋಡೆಯ ಮೇಲೆ ಅಕ್ಷರದ ಹಲಗೆ. ಪರೀಕ್ಷಿಸುವ ಹುಡುಗ ಮೂರನೇ ಸಾಲಿಗೆ ಕಡ್ಡಿ ತೋರಿಸಿದ. ಅತ್ತೆ ಮೂರನೆಯದನ್ನು ಓದಿ, ಉಸಿರು ತೆಗೆದುಕೊಳ್ಳದೆ ನಾಲ್ಕನ್ನೂ ಐದನ್ನೂ ಓದಿಬಿಟ್ಟಳು. ಕಡ್ಡಿ ಅಲ್ಲಿಗೆ ಹೋಗಿಯೇ ಇರಲಿಲ್ಲ! "ಅಜ್ಜಿ ಸೂಪರ್" ಎಂದ ಹುಡುಗ. ಸರದಿಯಲ್ಲಿ ಎರಡು ಗಂಟೆ ಕೂತು ಮುಂದಿನವರು ಓದಿದ್ದನ್ನೆಲ್ಲ ಅವಳು ಬಾಯಿಪಾಠ ಮಾಡಿದ್ದಳೆಂಬ ಅನುಮಾನ ನನಗೆ ಬರಬೇಕಿತ್ತು. ಬರಲಿಲ್ಲ, ನಗು ಬಂತು. ನಾನು ಎಂ.ಎಸ್ಸಿ. ಮಾಡಿದ್ದೇನೆ ಎಂದು ಹೇಳಿದೆನೇ?

ಇನ್ನೊಂದು ಭಾನುವಾರ. ಯಂತ್ರದ ಹುಡುಗಿಯ ಮುಂಗೈಯಲ್ಲಿ ಒಂದು ಪುಟ್ಟ ದೀಪವಿರುತ್ತದೆ. ಬ್ಯಾಟರಿ ಹಳೆಯದಾಗಿ ಅದು ಕೆಂಪಗೆ ಮಿನುಗತೊಡಗುತ್ತದೆ. ಹುಡುಗ "ಸರಿಯಾಗಿದ್ದೀಯಾ?" ಎಂದಾಗಲೆಲ್ಲ ಅವಳು ತೋಳನ್ನು ಕೆಳಗೆಳೆದುಕೊಂಡು "ಪೂರ್ತಿ ಚಾರ್ಜ್ ಇದೆ" ಎನ್ನುತ್ತಾಳೆ. ನಾನು ಇದನ್ನು ಹೇಳಿದಾಗ ಅತ್ತೆ ನಗಲಿಲ್ಲ.

"ಹೇಳಿದ್ರೆ ಅಂಗಡಿಗೆ ವಾಪಸ್ ಕಳಿಸ್ಬಿಡ್ತಾರೆ ಅಂತ ಹೆದರ್ಕಂಡವ್ಳೆ," ಎಂದಳು.

"ಕತೆಯಲ್ಲಿ ಹಾಗೇನೂ ಇಲ್ಲ ಅತ್ತೆ."

"ನಿಂಗೇನ್ ಗೊತ್ತು, ಸುಮ್ನಿರು."

ಈಗ ಸ್ಟೇಷನ್. ತರೀಕೆರೆಯಲ್ಲಿ ಒಂದು ನಾಮಕರಣವಿತ್ತು. ನಮ್ಮ ಗಾಡಿ ಆಚೆಯ ಪ್ಲಾಟ್‌ಫಾರಂಗೆ ಬರುತ್ತದೆಂದು ಮೈಕಿನಲ್ಲಿ ಕೂಗಿದರು. ಮೇಲ್ಸೇತುವೆ ಹತ್ತೋಣ ಎಂದೆ. "ಮಂಡಿ ಯಾರ್ದು, ನಿಂದಾ ನಂದಾ?" ಎಂದಳು ಅತ್ತೆ. ಅವಳ ಪ್ರಕಾರ ಪ್ಲಾಟ್‌ಫಾರಂ ಇಳಿಜಾರಾಗಿ ಮುಗಿಯುವ ತುದಿಯಲ್ಲಿ ಹಳಿ ದಾಟುವುದೇ ಸರಿಯಾದ ದಾರಿ, ನಲವತ್ತು ವರ್ಷದಿಂದ ದಾಟಿದ್ದಾಳೆ. ನೀರು ಹಿಡಿದು ಬರುತ್ತೇನೆ, ಕೂತಿರು ಎಂದು ಅವಳನ್ನು ಬೆಂಚಿನಲ್ಲಿ ಕೂರಿಸಿ, ನನ್ನ ಫೋನಿನಲ್ಲಿ ಸೊಸೆಯನ್ನು ಹಚ್ಚಿ ಕೈಗೆ ಕೊಟ್ಟು ನಲ್ಲಿಗೆ ಹೋದೆ.

ಬಾಟಲಿ ಅರ್ಧ ತುಂಬಿತ್ತು. ತಿರುಗಿ ನೋಡಿದರೆ ಅತ್ತೆ ಬೆಂಚಿನಲ್ಲಿಲ್ಲ, ಇಳಿಜಾರಿನ ತುದಿಯಲ್ಲಿ ನಿಂತಿದ್ದಾಳೆ. ಆ ಹಳಿಯ ಮೇಲೆ ಒಂಟಿ ಎಂಜಿನ್ ಒಂದು ನಿಧಾನವಾಗಿ ಬರುತ್ತಿತ್ತು. ಅತ್ತೆ ಬಹಳ ಜೋಪಾನದ ಹೆಂಗಸು. ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಎಂಜಿನ್ನನ್ನು ನೇರವಾಗಿ ನೋಡಿದಳು. ನೋಡಿ, ಹಳಿಯ ಮೇಲೆ ಕಾಲಿಟ್ಟಳು.

ಆಗ ನನಗೆ ಎಲ್ಲ ಗೊತ್ತಾಯಿತು. ರಂಗೋಲಿ, ಜಡೆ, ಐದನೇ ಸಾಲು, ಎಲ್ಲ.

ಎಂಜಿನ್ ಕೂಗಿತು. ಕೂಗಿಗೆ ಅತ್ತೆ ಓಡಬೇಕಿತ್ತಲ್ಲವೇ? ನಿಂತಳು! ಸದ್ದು ಯಾವ ಕಡೆಯದೆಂದು ಕಿವಿಗೊಟ್ಟು ಕೇಳಲು ಹಳಿಯ ನಟ್ಟನಡುವೆ ನಿಂತಳು. ನಾನು ಕಿರುಚಿದೆನೆಂದು ಎಲ್ಲರಿಗೂ ಹೇಳಿದ್ದೇನೆ. ಸುಳ್ಳು. ಬಾಟಲಿ ತುಂಬಿ ನೀರು ಕೈಮೇಲೆ ಹರಿಯುತ್ತಿತ್ತು, ನಾನು ನಲ್ಲಿಯನ್ನು ಹಿಡಿದೇ ನಿಂತಿದ್ದೆ. ಈಗಲೂ ಬಾಟಲಿ ತುಂಬುವ ಸದ್ದು ಕೇಳಿದರೆ ಅತ್ತೆ ಎಲ್ಲಿದ್ದಾಳೆಂದು ತಿರುಗಿ ನೋಡುತ್ತೇನೆ.

ಓಡಿದವಳು ಸೌತೆಕಾಯಿ ಮಾರುವವಳು. ಬುಟ್ಟಿ ಎಸೆದು, ಅತ್ತೆಯ ಸೊಂಟದ ಸೆರಗಿಗೆ ಕೈಹಾಕಿ ಜಗ್ಗಿದಳು. ಇಬ್ಬರೂ ಜಲ್ಲಿಯ ಮೇಲೆ ಬಿದ್ದರು. ಎಂಜಿನ್ ಹಾದುಹೋಯಿತು.

ಅತ್ತೆಯ ಮೊದಲ ಮಾತು, "ಸೀರೆ ಹರ್ದಾಕ್ಬಿಟ್ಯಲ್ಲೇ!"

"ಇನ್ನೊಂದ್ ಗಳಿಗೆ ಬಿಟ್ಟಿದ್ರೆ ಸೀರೆ ಒಂದೇ ಉಳೀತಿತ್ತು ಕಣಜ್ಜಿ!"

ಬೆಂಚಿನಲ್ಲಿ ಕೂರಿಸಿದೆ. ಏನೂ ಆಗಿಲ್ಲವೆಂದು ತೋರಿಸಲು ಅತ್ತೆ ಮಡಿಲಲ್ಲಿದ್ದ ಫೋನನ್ನು ಎತ್ತಿ ಮುಖದ ಮುಂದೆ ಹಿಡಿದಳು. "ನೋಡು, ಸೊಸೆ ನಗ್ತಾವ್ಳೆ."

ಫೋನು ಬಿದ್ದ ಏಟಿಗೆ ಸತ್ತುಹೋಗಿತ್ತು. ಪರದೆ ಕಪ್ಪಗಿತ್ತು.

"ಎಷ್ಟು ದಿನದಿಂದ ಅತ್ತೆ?"

ಅವಳು ಫೋನನ್ನು ಮೆಲ್ಲಗೆ ಕೆಳಗಿಳಿಸಿದಳು. "ನಿನ್ ತಮ್ಮಂಗೆ ಹೇಳ್ಬೇಡ ಕಣೇ. ಬಸ್ಸೊಂದು ತಪ್ಪಿಸ್ಬೇಡಿ."

ತಮ್ಮನಿಗೆ ಹೇಳಿದೆ, ಜೊತೆಗೇ ಒಂದು ಷರತ್ತು ಹಾಕಿ. ಕಣ್ಣಿನ ಪೊರೆ ತೆಗೆಸುವುದು, ಬಸ್ಸು ನಿಲ್ಲಿಸದಿರುವುದು. ತಮ್ಮ ಒಪ್ಪಿದ, ಅತ್ತೆ ಗೊಣಗಿ ಒಪ್ಪಿದಳು. ಒಂದಾದ ಮೇಲೊಂದು ಎರಡೂ ಕಣ್ಣಿನ ಆಪರೇಷನ್ ಆಯಿತು. ಡಾಕ್ಟರು ಓಡಾಡಬಹುದೆಂದ ಮೊದಲ ಭಾನುವಾರವೇ ಕಪ್ಪು ಕನ್ನಡಕ ಹಾಕಿಕೊಂಡು, ಆರು ತೆಂಗಿನಕಾಯಿ ಹೊತ್ತು ಬಂದಳು. ಕಾಫಿಯನ್ನೂ ಮುಟ್ಟಲಿಲ್ಲ. "ಮೊದ್ಲು ಸೊಸೆ ಹಾಕು."

ರಿಪೇರಿಯಾಗಿ ಬಂದ ಫೋನಿನಲ್ಲಿ ಹಾಕಿದೆ.

"ಯಾರಿವ್ಳು, ಹಕ್ಕಿಗೂಡಿನ ತಲೆಯೋಳು?"

"ನಿನ್ನ ಸೊಸೆ."

"ಥೂ, ಇವ್ಳಲ್ಲ! ಸುಳ್ ಹೇಳ್ಬೇಡ. ನನ್ ಸೊಸೆಗೆ ಸೊಂಟದವರ್ಗೂ ಜಡೆ, ಎಡಗಡೆ ಹುಬ್ಬಿನ ಮೇಲೆ..."

ಜಗಳಕ್ಕೆಂದು ನನ್ನ ಕಡೆ ತಿರುಗಿದವಳು ಅಲ್ಲಿಗೇ ನಿಂತಳು. ಕನ್ನಡಕ ತೆಗೆದಳು. ಹೆಬ್ಬೆರಳನ್ನು ನನ್ನ ಎಡಹುಬ್ಬಿನ ಮೇಲಿಟ್ಟು, ಅಲ್ಲಿದ್ದ ಮಚ್ಚೆಯನ್ನು ಒಮ್ಮೆ ಸವರಿದಳು. ಬೆರಳು ಮೇಲೇರಿ ತಲೆಯನ್ನು ಸವರುತ್ತ ಕಿವಿಯ ಹತ್ತಿರ ಬಂದು ತಡವರಿಸಿತು.

"ಕೂದ್ಲು ಯಾವಾಗ ಕತ್ತರಿಸ್ದೆ?"

"ಮೂರು ವರ್ಷ ಆಯ್ತು ಅತ್ತೆ."

"ನಂಗೆ ಹೇಳ್ಲೇ ಇಲ್ಲ."

ಹೇಳಬೇಕೆಂದು ನನಗೆ ತೋಚಿರಲಿಲ್ಲ. ಪ್ರತಿ ಭಾನುವಾರ ಎದುರಿಗೇ ಕೂರುತ್ತಿದ್ದೆನಲ್ಲ.

"ತಿರುಕ್ಕಂಡು ಕೂತ್ಕೋ," ಎಂದಳು. ಕಾಲೇಜು ಮುಗಿಯುವವರೆಗೆ ದಿನಾ ಬೆಳಗ್ಗೆ ಕೂರುತ್ತಿದ್ದಂತೆ ಅವಳಿಗೆ ಬೆನ್ನುಮಾಡಿ ಕೂತೆ. ಫೋನಿನಲ್ಲಿ ಸೊಸೆ ಜಪಾನಿಯಲ್ಲಿ ಏನೋ ಹೇಳುತ್ತಿದ್ದಳು, ನಾನು ಓದಿ ಹೇಳಲಿಲ್ಲ, ಅತ್ತೆಯೂ ಕೇಳಲಿಲ್ಲ. ಬೆರಳಿಗೆ ನಿಲ್ಲದ ಆ ಗಿಡ್ಡ ಕೂದಲನ್ನು ಅವಳು ಜಡೆಗೆಂದು ಮೂರು ಕಾಲು ಮಾಡುತ್ತಲೇ ಇದ್ದಳು.