ಹಜರತಅಲಿಯ ಖಾಲಿ ಚೀಲ

ಹಾಸ್ಯ ಕಲಾವಿದ ಹಜರತಅಲಿಯ ಚೀಲ ಅವತ್ತು ಖಾಲಿಯಾಗಿತ್ತು. ತಕರಾರು ಶುರುವಾದದ್ದೇ ಅಲ್ಲಿಂದ.

ನಾಟಕ, ಮಿಮಿಕ್ರಿ, ಆರ್ಕೆಸ್ಟ್ರಾದ ನಿರೂಪಣೆ, ಮೊಬೈಲಿನ ರೀಲ್ಸು, ಎಲ್ಲದರಲ್ಲೂ ಅವನು ಕೈಯಾಡಿಸಿದ್ದ. ಎಲ್ಲಕ್ಕೂ ಬಂಡವಾಳ ಮಾತ್ರ ದುರ್ಗದಬೈಲು ಪೇಟೆಯ ಹಿಂಬದಿಯ ತನ್ನ ಓಣಿಯವರೇ. ಫ್ಯಾನ್ ರಿಪೇರಿಯ ಮಕಬೂಲಸಾಬನ ಕೆಮ್ಮು ಇವನ ನಕಲಿನಿಂದ ಊರೂರಲ್ಲಿ ಹೆಸರು ಮಾಡಿತ್ತು. ಹೀಗಾಗಿ ಕಾರ್ಯಕ್ರಮದ ದಿನ ಬೆಳಗ್ಗೆ ಅವನ ಚೀಲದಿಂದ ಸೀರೆ ಇಣುಕುತ್ತದೋ ಟೋಪಿ ಇಣುಕುತ್ತದೋ ನೋಡಿ, ಈ ಸಲ ಯಾರ ಪಾಳಿ ಎಂದು ತಿಳಿದುಕೊಳ್ಳುವುದು ಓಣಿಯ ರೂಢಿ.

ಈ ಸಲ ಧಾರವಾಡದ ಸಂಘಟಕರು ಖಡಾಖಂಡಿತವಾಗಿ ಹೇಳಿದ್ದರು: ನೀವು ಬಾಯಿ ತೆರೆಯುವ ಮೊದಲೇ ಜನ ನಿಮ್ಮ ಮಾತು ಮುಗಿಸುತ್ತಾರೆ, ಹೊಸದಿಲ್ಲದಿದ್ದರೆ ಮತ್ತೆ ಕರೆಯುವುದಿಲ್ಲ. ಹಜರತಅಲಿಗೂ ತನ್ನ ಮಾತಿಗೆ ತನಗೇ ನಗು ಬಂದು ಯಾವ ಕಾಲವಾಗಿತ್ತೋ. ವೇಷ, ತಾಲೀಮು ಎರಡೂ ಬಿಟ್ಟು, ಬಾಯಿಗೆ ಬಂದದ್ದನ್ನು ಆಡಿ ತಾನೇ ಬೆರಗಾಗಬೇಕೆಂದು ನಿಶ್ಚಯಿಸಿದ್ದ.

ಚಹಾದ ನೆಪದಲ್ಲಿ ಬಂದ ಮಕಬೂಲಸಾಬ ಚೀಲ ತಡಕಾಡಿ ಗಾಬರಿಯಾದ. ಇಷ್ಟು ಮುಚ್ಚಿಟ್ಟಿದ್ದಾನೆಂದರೆ ಯಾರದೋ ಮಾನ ಹೋಗುವುದು ಖಾತ್ರಿ ಎಂದು ಮನೆಮನೆಗೆ ಹೇಳಿ ಬಂದ.

ಪಕ್ಕದ ಮನೆಯ ಶಿವಬಸವ್ವ ಚುರುಮುರಿ ಕಲಸಿದ ಗಿರ್ಮಿಟ್ಟಿನ ತಾಟು ಹಿಡಿದು ಬಂದಳು. ಎರಡೂ ಮನೆಗೆ ಒಂದೇ ಗೋಡೆ. ವರ್ಷಾನುಗಟ್ಟಲೆ ಅವನ ತಾಲೀಮು ಕೇಳಿ ಬೇಸತ್ತ ಜೀವ ಅದು.

“ಖರೇ ಹೇಳು ತಮ್ಮಾ, ಈ ಸಲ ನನ್ನ ಪಾಳಿ ಹೌದಲ್ಲೋ?”

“ಏನ ಮಾಡ್ತೇನಿ ಅನ್ನೋದು ನನಗರ ಎಲ್ಲಿ ಗೊತ್ತೈತ್ರಿ, ಅವ್ವಾರ.”

ಶಿವಬಸವ್ವ ತಾಟನ್ನು ವಾಪಸು ಒಯ್ದಳು. ವಾರದಿಂದ ಗೋಡೆಯಾಚೆ ಸಪ್ಪಳವಿರಲಿಲ್ಲ. ತನ್ನ ನಕಲಲ್ಲದಿದ್ದರೆ ತನಗೆ ಕೇಳಿಸದಂತೆ ತಾಲೀಮು ಮಾಡುವುದೇಕೆ?

ಸಂಜೆ ಇಡೀ ಓಣಿ ಬಸ್ಸು ಹಿಡಿದು ಧಾರವಾಡಕ್ಕೆ ಬಂದು, ತಪ್ಪು ಹುಡುಕಲು ಬಂದ ಬೀಗರ ಹಾಗೆ ಮುಂದಿನ ಸಾಲಿನಲ್ಲಿ ಕುಳಿತಿತು. ಹಜರತಅಲಿ ಮೈಕು ಹಿಡಿದ. ಬಾಯಿಗೆ ಏನೂ ಬರಲಿಲ್ಲ. ಗಂಟಲು ಒಣಗಿ ಕೆಮ್ಮಿದ. ಅದು ತನ್ನ ಕೆಮ್ಮೆಂದು ಮಕಬೂಲಸಾಬ ಎದ್ದು ನಿಂತು ತಕರಾರು ತೆಗೆದ. ಮುಂದಿನದು ತನ್ನದೇ ಎಂದು ಹೆದರಿದ ಶಿವಬಸವ್ವ ದಡದಡ ವೇದಿಕೆ ಹತ್ತಿ ಮೈಕು ಕಸಿದುಕೊಂಡಳು.

“ನಮ್ಮನ್ನೆಲ್ಲಾ ಆಡಿಕೋತಾನಲ್ರಿ, ಇಂವಾ ಮನ್ಯಾಗ ಹ್ಯಾಂಗ ಇರ್ತಾನ ಅನ್ನೋದು ನೋಡ್ರಿ.”

ಕನ್ನಡಿಯ ಮುಂದೆ ತನ್ನ ಜೋಕಿಗೆ ತಾನೇ ಚಪ್ಪಾಳೆ ತಟ್ಟಿಕೊಳ್ಳುವ ಹಜರತಅಲಿ, ನಗದ ಜನರನ್ನು ಬೈಯುವ ಹಜರತಅಲಿ, ಫೋನಿನಲ್ಲಿ ಸಂಘಟಕರಿಗೆ ಗೋಗರೆಯುವ ಹಜರತಅಲಿ, ಎಲ್ಲರೂ ಅವಳ ಬಾಯಿಂದ ಇಳಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ಹಜರತಅಲಿ, ಅದೂ ಕಣ್ಣಲ್ಲಿ ನೀರು ಬರುವಷ್ಟು. ಸಂಘಟಕರು ಅಲ್ಲೇ ಮುಂದಿನ ಕಾರ್ಯಕ್ರಮಕ್ಕೆ ಕರೆದರು, ಶಿವಬಸವ್ವನನ್ನು.

ಆ ಕಾರ್ಯಕ್ರಮದ ದಿನ ಬೆಳಗ್ಗೆ ಹಜರತಅಲಿಯೇ ಗಿರ್ಮಿಟ್ಟಿನ ತಾಟು ಹಿಡಿದು ಪಕ್ಕದ ಮನೆಗೆ ಹೋದ.

“ಖರೇ ಹೇಳ್ರಿ ಅವ್ವಾರ, ಈ ಸಲನೂ ನನ್ನ ಪಾಳಿನ ಏನು?”

“ನನಗರ ಎಲ್ಲಿ ಗೊತ್ತೈತೋ ತಮ್ಮಾ,” ಎಂದು ಶಿವಬಸವ್ವ ತಾಟು ಇಸಿದುಕೊಂಡಳು.

ಮೂಲೆಯಲ್ಲಿದ್ದ ಅವಳ ಚೀಲದಿಂದ, ನಿನ್ನೆ ಒಣಹಾಕಿದಲ್ಲಿಂದ ಕಾಣೆಯಾಗಿದ್ದ ಹಜರತಅಲಿಯ ಅಂಗಿ ಇಣುಕುತ್ತಿತ್ತು.