ವರ್ಷಕ್ಕೊಮ್ಮೆ ಮನೆ ಬಿಡಿಸುವ ಮಾಮಾ

ಬಾಡಿಗೆದಾರರನ್ನು ನಮ್ಮ ಮಾಮಾ ಖಾಲಿ ಮಾಡಿಸಿದಷ್ಟು ಸಲ ಮಾಡಿಸಿದ ಮಾಲೀಕರು ಇಡೀ ಬೀದರ ಜಿಲ್ಲೆಯಲ್ಲಿ ಇನ್ನೊಬ್ಬರು ಸಿಗಲಿಕ್ಕಿಲ್ಲ. ಪ್ರತಿ ಸಲವೂ ಖಾಲಿ ಮಾಡಿದ್ದು ಒಂದೇ ಕುಟುಂಬ ಎನ್ನುವುದಷ್ಟೇ ವಿಶೇಷ!

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಮದುವೆಯ ಗೋಜಿಗೆ ಹೋದವರಲ್ಲ. ಔರಾದದ ಬೀಜ-ಗೊಬ್ಬರದ ಅಂಗಡಿ, ಡಾಬಕಾದ ಹೊಲ ಎರಡನ್ನೂ ಮಾರಿ ನೌಬಾದದಲ್ಲಿ ಮನೆ ಕಟ್ಟಿಸಿದರು. ಮೇಲಿನ ಮನೆಯಲ್ಲಿ ಅವರೊಬ್ಬರೇ. ಕೆಳಗೆ ಬಾಡಿಗೆಗೆ ಉರ್ದು ಶಾಲೆಯ ಟೀಚರ್ ನಸ್ರೀನ್ ಮತ್ತು ಅವರ ತಾಯಿ. ಭಾಲ್ಕಿಯಲ್ಲಿ ವಕೀಲಿ ಮಾಡುವ ನಾನು ಮಾಮಾನ ಪುಕ್ಕಟೆ ಕಾನೂನು ಸಲಹೆಗಾರ್ತಿ. ಅದಕ್ಕೇ ದಿನಾ ಫೋನು.

"ವಕೀಲಬಾಯಿ, ಕೆಳಗಿನವರು ಗ್ವಾಡಿಗಿ ಮೊಳಿ ಹೊಡದಾರ. ಅಡ್ವಾನ್ಸ್‌ನ್ಯಾಗ ಮುರ್ಕೋಬಹುದೇನ?"

"ಎಷ್ಟು ಮೊಳಿ ಹೊಡದಾರ ಮಾಮಾ?"

"ಒಂದ. ಕ್ಯಾಲೆಂಡರ್ ಹಾಕ್ಯಾರ."

"ಕ್ಯಾಲೆಂಡರ್ ಯಾರು ಕೊಟ್ಟಾರ?"

"ನಾನೇ ಕೊಟ್ಟೀನಿ."

ಮರುದಿನ ಇನ್ನೊಂದು ಪ್ರಶ್ನೆ. ಕೆಳಗಿನ ಮನೆಯ ನಲ್ಲಿ ಬದಲಿಸಿದರೆ ಆ ಖರ್ಚನ್ನು ಆದಾಯ ತೆರಿಗೆಯಲ್ಲಿ ಬಿಡುತ್ತಾರೆಯೇ? ರಿಪೇರಿ ಮಾಡಿಸಿದರೂ ಬಿಟ್ಟರೂ ಬಾಡಿಗೆಯಲ್ಲಿ ನೂರಕ್ಕೆ ಮೂವತ್ತು ಬಿಡುತ್ತಾರೆ ಎಂದೆ. "ಹಂಗಾದ್ರ ಮಾಡಿಸೂದೇ ಬ್ಯಾಡ ಬಿಡು" ಎಂದವರು ಸಂಜೆಯೊಳಗೆ ಹೊಸ ನಲ್ಲಿ ಹಾಕಿಸಿದ್ದರು. ನಸ್ರೀನ್ ತಾಯಿಗೆ ಬಕೆಟ್ ಎತ್ತಿ ಎತ್ತಿ ಸೊಂಟ ನೋವಂತೆ. ಕೇಳುವುದು ಮುಗಿದರೂ ಮಾಮಾ ಫೋನು ಇಡುವುದಿಲ್ಲ. "ಭಾಲ್ಕಿನ್ಯಾಗ ಬಿಸಲು ಹ್ಯಾಂಗದ?" ಎನ್ನುತ್ತಾರೆ. ಭಾಲ್ಕಿಗೆಂದು ಬೇರೆ ಸೂರ್ಯ ಇದ್ದಾನೆಯೇ?

ಈಗ ಖಾಲಿ ಮಾಡಿಸುವ ಕಥೆಗೆ ಬರೋಣ. ಬಾಡಿಗೆ ಕರಾರನ್ನು ನಮ್ಮ ಕಡೆ ಎಲ್ಲರೂ ಹನ್ನೊಂದು ತಿಂಗಳಿಗೆ ಮಾಡಿಸುತ್ತಾರೆ. ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಬೇಕೆಂಬುದು ಅದಕ್ಕೆ ಕಾರಣ, ಅಷ್ಟೇ. ಮಾಮಾ ಮಾತ್ರ ಚಹಾದಂಗಡಿಯಲ್ಲಿ ಬೇರೆಯೇ ಕೇಳಿಕೊಂಡು ಬಂದಿದ್ದರು. ಹನ್ನೆರಡನೇ ತಿಂಗಳು ಹಿಡಿದರೆ ಮನೆ ಬಾಡಿಗೆದಾರರದೇ ಆಗುತ್ತದಂತೆ! ಅವರಿಗಿದ್ದದ್ದು ಅದೊಂದೇ ಮನೆ. ಹೋದರೆ ಎಲ್ಲಿಗೆ ಹೋಗಬೇಕು?

"ಬಾಡಿಗೆ ಕೊಟ್ಕೋತ ಇದ್ದವರು ಮಾಲಕರಾಗೂದಿಲ್ಲ ಮಾಮಾ. ಕಾಗದ ಹೊಸಾದು ಮಾಡಿಸಿದ್ರ ಸಾಕು" ಎಂದೆ.

"ಕಾಗದ ಯಾರು ನೋಡ್ತಾರ? ಕಿರಾಯಿದವರು ಖಾಲಿ ಮಾಡಿದ್ದು ನಾಕು ಮಂದಿ ಕಣ್ಣಿಲೆ ನೋಡಬೇಕು."

ಹೀಗಾಗಿ ಹನ್ನೊಂದು ತಿಂಗಳಿಗೊಮ್ಮೆ ನಸ್ರೀನ್ ಮನೆಯ ಮಂಚ, ಪಾತ್ರೆ, ಹಾಸಿಗೆ ಎಲ್ಲ ಹೊರಗೆ ಬಂದು, ಮೆಟ್ಟಿಲೇರಿ ಮಾಮಾನ ಮನೆ ಸೇರುತ್ತಿತ್ತು. ಕೆಳಗಿನ ಮನೆಗೆ ಬೀಗ. ತಾಯಿ-ಮಗಳು ಒಂದು ದಿನ ಮೇಲೆಯೇ ಇದ್ದು, ಮರುದಿನ ಹೊಸ ಬಾಡಿಗೆದಾರರಂತೆ ಕೆಳಗಿಳಿದು ಹಾಲು ಉಕ್ಕಿಸಬೇಕು. ಮೊದಲ ವರ್ಷ ನಸ್ರೀನ್ ತಾಯಿ ಸಿಟ್ಟಿನಿಂದ ಟ್ರಂಕಿನ ಮೇಲೆಯೇ ಕೂತುಬಿಟ್ಟಿದ್ದರಂತೆ. ಆಮೇಲಾಮೇಲೆ ಅವರೇ, "ಯಾವಾಗ್ರಿ ಭಾಯಿಸಾಬ್ ನಮ್ಮನ್ನ ಹೊರಗ ಹಾಕೂದು? ಈ ಸಲ ನಿಮ್ಮ ಅಡಗಿಮನ್ಯಾಗ ಬದನಿಕಾಯಿ ಮಾಡ್ತೇನಿ" ಎಂದು ಕೇಳತೊಡಗಿದರು. ಮಾಮಾ ಹದಿನೈದು ದಿನ ಮೊದಲೇ ಮನೆ ಗುಡಿಸಿ, ಒಳ್ಳೆಯ ಬದನೆಕಾಯಿಗಾಗಿ ಸಂತೆಯೆಲ್ಲ ಸುತ್ತುತ್ತಿದ್ದರು. ಖಾಲಿ ಮಾಡಿಸುವವರ ಮುಖದಲ್ಲಿ ಅಷ್ಟು ಖುಷಿ ನಾನು ಯಾವ ಕೋರ್ಟಿನಲ್ಲೂ ಕಂಡಿಲ್ಲ. ಆ ಒಂದು ದಿನ ಮಾತ್ರ ಅವರಿಂದ ನನಗೆ ಫೋನು ಬರುತ್ತಿರಲಿಲ್ಲ.

ಈ ವರ್ಷ ನಸ್ರೀನ್‌ಗೆ ಔರಾದಕ್ಕೆ ವರ್ಗವಾಯಿತು. "ಕರಾರಿನ್ಯಾಗ ಇದ್ದಂಗ ಒಂದು ತಿಂಗಳು ಮೊದಲೇ ಹೇಳ್ಲಿಕತ್ತೀನ್ರಿ ಚಾಚಾ" ಎಂದರಂತೆ. ಆ ಷರತ್ತನ್ನು ಹಟ ಹಿಡಿದು ಬರೆಸಿದವರು ಮಾಮಾ. ತಲೆಯಾಡಿಸಿ ಮೇಲೆ ಹೋದರಂತೆ.

ಹೊರಡುವ ದಿನ ನಾನೂ ನೌಬಾದಕ್ಕೆ ಹೋಗಿದ್ದೆ. ಅಡ್ವಾನ್ಸನ್ನು ಮಾಮಾ ಒಂದು ಪೈಸೆ ಮುರಿಯದೆ ಕೊಟ್ಟಿದ್ದರು. ಟೆಂಪೋ ಬಂತು. ಸಾಮಾನು ಒಂದೊಂದೇ ಅಂಗಳಕ್ಕೆ ಬಂದವು. ಮಾಮಾ ಹಾಸಿಗೆಯ ಸುರುಳಿ ಹೆಗಲಿಗೇರಿಸಿಕೊಂಡು ಸರಸರನೆ ಮೆಟ್ಟಿಲು ಹತ್ತತೊಡಗಿದರು.

"ಚಾಚಾ, ಗಾಡಿ ಈ ಕಡಿ ಅದರಿ" ಎಂದರು ನಸ್ರೀನ್, ಮೆಲ್ಲಗೆ.

ಮಾಮಾ ಅಲ್ಲೇ ನಿಂತರು. ಆಮೇಲೆ ಇಳಿದು ಬಂದು ಹಾಸಿಗೆಯನ್ನು ಟೆಂಪೋದೊಳಗೆ ಇಟ್ಟರು. ನಸ್ರೀನ್ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದಿನ ಸೀಟಿಗೆ ಹತ್ತಿದರು.

ಟೆಂಪೋ ಹೋದ ಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತೆವು. ಮಾಮಾ ಕೆಳಗಿನ ಮನೆಯ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. ಆಮೇಲೆ ಕೇಳಿದರು:

"ಕಿರಾಯಿದವರನ್ನ ಬಿಡಸಲಿಕ್ಕ ಇಷ್ಟೆಲ್ಲಾ ಕಾನೂನು ಅವ. ಹೋಗಬ್ಯಾಡ್ರಿ ಅನ್ನಲಿಕ್ಕ ಒಂದರ ಅದ ಏನವ್ವ?"

"ಇಲ್ಲ ಮಾಮಾ" ಎಂದೆ. ನನಗೆ ಅಳು ತಡೆಯಲಾಗಲಿಲ್ಲ.