ಡೆಡ್‌ಲೈನಿಗೆ ಹೆದರದ ಗಂಡಸು

ಪ್ರೂಫ್ ತಿದ್ದುವ ಯಜಮಾನರಿಗೆ ಪ್ರೆಸ್ಸಿನಲ್ಲಿ ‘ಅಲ್ಪವಿರಾಮ’ ಎಂದೇ ಅಡ್ಡಹೆಸರು. ಒಂದು ಪುಟ ತಿದ್ದುವುದರಲ್ಲಿ ಆರು ಸಲ ನಿಲ್ಲುವ ಮಹಾನುಭಾವರು. ಆ ದಿನ ಮನೆಯಲ್ಲೇ ಕೂತು ಇಂಗ್ಲಿಷ್ ನಿಘಂಟಿನ ಹದಿನಾರು ಪುಟ ತಿದ್ದುತ್ತಿದ್ದರು. ಸಂಜೆ ನಾಲ್ಕಕ್ಕೆ ಮಾಲೀಕರ ಕೈ ಸೇರದಿದ್ದರೆ ಉಳಿದ ನಿಘಂಟೆಲ್ಲ ಬೇರೊಬ್ಬನ ಪಾಲು. ಒಂದೂವರೆಗೆ, ನಾಲ್ಕನೆಯ ಪುಟದ ಕೊನೆಯಲ್ಲಿ, ‘ಡೆಡ್‌ಲೈನ್’ ಎಂಬ ಪದ ಎದುರಾಯಿತು. ಪೆನ್ನು ನಿಂತೇಬಿಟ್ಟಿತು.

“ಲೇ, ಕೇಳಿದ್ಯಾ? ಹಿಂದೆ ಯುದ್ಧಕೈದಿಗಳ ಜೈಲಲ್ಲಿ ಒಂದು ಗೆರೆ ಇರ್ತಿತ್ತಂತೆ. ದಾಟಿದೋನಿಗೆ ಗುಂಡು! ಅದೇ ಡೆಡ್‌ಲೈನು. ಆಮೇಲೆ ಅಚ್ಚುಮನೆಗೆ ಬಂತು, ಆ ಗೆರೆ ಆಚೆ ಹೋದ ಅಕ್ಷರ ಅಚ್ಚಾಗ್ತಿರಲಿಲ್ಲ. ಈಗ ನೋಡು, ನನ್ನ ಕುತ್ತಿಗೆಗೇ ಬಂದಿದೆ!”

“ಅದಕ್ಕಿನ್ನೂ ಎರಡೂವರೆ ಗಂಟೆ ಇದೆ. ತಿದ್ದಿ ರೀ,” ಎಂದಳು ಹೊಲಿಗೆ ಮಿಷನ್ನಿನ ಮುಂದಿದ್ದ ಹೆಂಡತಿ.

“ತಿದ್ದಲ್ಲ! ನಾನೇನು ಕೈದಿನಾ? ಮೂವತ್ತು ವರ್ಷ ತಲೆ ಬಗ್ಗಿಸಿದ್ದು ಸಾಕು. ಬೇಕಾದ್ರೆ ಆ ಮಾಲೀಕನೇ ಬಂದು ಕಾಯಲಿ!” (ಮಾಲೀಕರ ಎದುರು ಇದೇ ಬಾಯಿಂದ ‘ಆಗಲಿ ಸಾರ್’ ಬಿಟ್ಟು ಬೇರೆ ಮಾತು ಹೊರಟ ದಾಖಲೆಯಿಲ್ಲ.)

ಒಳಗೆ ಫೋನು ಬಡಿದುಕೊಂಡಿತು. ಹೆಂಡತಿ ಹೋಗಿ ಮಾತಾಡಿ ಬಂದಳು. ಯಾರೆಂದು ಕೇಳುವುದು ಬಂಡಾಯಗಾರನ ಘನತೆಗೆ ತಕ್ಕುದಲ್ಲವೆಂದು ಯಜಮಾನರು ಕೇಳಲಿಲ್ಲ.

ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದು, ಅವರ ಕುರ್ಚಿಯ ಸುತ್ತ ನೆಲದ ಮೇಲೆ ಗೆರೆ ಎಳೆದಳು.

“ನನ್ನ ಕತ್ತರಿ ಯಾವತ್ತಾದ್ರೂ ಗೆರೆ ದಾಟಿದ್ಯಾ? ನೀವೂ ಅಷ್ಟೇ. ಹದಿನಾರೂ ಪುಟ ಮುಗಿಯೋ ತನಕ ಆಚೆ ಕಾಲಿಡಂಗಿಲ್ಲ.”

“ಇಟ್ರೆ?”

“ಗುಂಡು ಹಾರಿಸಲ್ಲ. ರಾತ್ರಿ ಊಟಾನೂ ಹಾಕಲ್ಲ.”

“ಹಾಕಬೇಡ ಹೋಗು!” ಎಂದು ಯಜಮಾನರು ಕೈಕಟ್ಟಿ ಕೂತರು. ಇಪ್ಪತ್ತೇ ನಿಮಿಷ. ಬೆಳಿಗ್ಗೆಯಿಂದ ಕುಡಿದ ನಾಲ್ಕು ಲೋಟ ಕಾಫಿ ತನ್ನ ಹಕ್ಕು ಕೇಳತೊಡಗಿತು.

“ಒಂದ್ನಿಮಿಷ ಹೋಗಿ ಬರ್ತೀನಿ ಕಣೆ...”

“ಇನ್ನೂ ಹನ್ನೆರಡು ಪುಟ.”

ಇಷ್ಟು ವರ್ಷದಲ್ಲಿ ಅವಳ ಗೆರೆ ದಾಟಿದ ಕತ್ತರಿಯಿಲ್ಲ, ಗಂಡನೂ ಇಲ್ಲ. ಯಜಮಾನರು ಮಂಡಿಗೆ ಮಂಡಿ ಒತ್ತಿ, ಜನ್ಮದಲ್ಲೇ ಮೊದಲ ಸಲ ಎಲ್ಲೂ ನಿಲ್ಲದೆ ತಿದ್ದಿದರು. ಮೂರೂಕಾಲಿಗೆ ಪೆನ್ನೆಸೆದು ಬಚ್ಚಲಿಗೆ ಓಡಿದರು. ಬರುವಾಗ ಎದೆ ಉಬ್ಬಿತ್ತು.

“ಹೆದರಿ ಅಲ್ಲ, ನನ್ನಿಷ್ಟದಿಂದ ಮುಗಿಸಿದ್ದು! ಪ್ರೆಸ್ಸಿಗೆ ಹೋಗಿ ಕೊಟ್ಟು ಬರ್ತೀನಿ.”

“ಪ್ರೆಸ್ಸಲ್ಲಿ ಯಾರಿದ್ದಾರೆ? ಆಗ ಫೋನ್ ಮಾಡಿದ್ದು ಮಾಲೀಕರೇ. ಅಚ್ಚಿನ ಮಿಷನ್ ಕೆಟ್ಟಿದೆಯಂತೆ, ಸೋಮವಾರ ಕೊಟ್ರೆ ಸಾಕಂತೆ.”

“ಅಯ್ಯೋ, ಆಗಲೇ ಹೇಳೋದಲ್ವೇನೇ!”

“ಡೆಡ್‌ಲೈನಿಗೆ ಹೆದರೋ ಗಂಡಸಲ್ಲ ನೀವು. ನಾಲ್ಕು ಗಂಟೆ ಆದ್ರೇನು, ಸೋಮವಾರ ಆದ್ರೇನು?” ಹೆಂಡತಿ ಸೂಜಿಗೆ ದಾರ ಪೋಣಿಸಿದಳು. “ಒರೆಸೋ ಬಟ್ಟೆ ಬಾಗಿಲ ಹಿಂದಿದೆ. ನಾಲ್ಕರೊಳಗೆ ಆ ಗೆರೆ ಅಳಿಸಿಬಿಡಿ.”

ಯಜಮಾನರು ಮೂರೂಮುಕ್ಕಾಲಿಗೇ ಒರೆಸಿ ಮುಗಿಸಿದರು. ತಮ್ಮಿಷ್ಟದಿಂದಲೇ!